ಗಾಯದ ಪರಿಹಾರ, ದಿವಾಳಿ ಅರ್ಜಿ, ವಕೀಲರ ಶುಲ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ನನ್ನ ಒಬ್ಬನೇ ಮಗ ಬಹಳ ವರ್ಷಗಳಿಂದ ಸಂಸಾರ ಸಮೇತ ಅಮೆರಿಕದ ನ್ಯೂಜೆರ್ಸಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಕಳೆದ ವರ್ಷ ಬೇಸಿಗೆಯಲ್ಲಿ ಸಿಗ್ನಲ್ಲಿನಲ್ಲಿ ನಿಂತಿದ್ದ ಅವನ ಕಾರಿಗೆ ಹಿಂದಿನಿಂದ ಲಾರಿ ಗುದ್ದಿ ಬೆನ್ನುಮೂಳೆಗೆ ಪೆಟ್ಟಾಯಿತು. ಕೆಲವು ತಿಂಗಳಲ್ಲೇ ಕೆಲಸವೂ ಹೋಯಿತು. ಕ್ರೆಡಿಟ್ ಕಾರ್ಡಿನ ಬಾಕಿ, ಆಸ್ಪತ್ರೆಯ ಬಿಲ್ಲು ಏರಿದ ಮೇಲೆ ಅಲ್ಲಿನ ನ್ಯಾಯಾಲಯದಲ್ಲಿ ಚಾಪ್ಟರ್ 13 ಎಂಬುದರ ಅಡಿಯಲ್ಲಿ ದಿವಾಳಿ ಅರ್ಜಿ ಹಾಕಿದ್ದಾನೆ. ಅಪಘಾತದ ವಿಚಾರವನ್ನು ಬೇರೊಬ್ಬ ವಕೀಲರು ನೋಡುತ್ತಿದ್ದು, ಲಾರಿಯ ವಿಮಾ ಕಂಪನಿ ಈಗ 1,20,000 ಡಾಲರಿಗೆ ರಾಜಿಯಾಗಲು ಮುಂದೆ ಬಂದಿದೆಯಂತೆ. ‘ಆಕ್ಸಿಡೆಂಟ್ ಕೇಸು ಬೇರೆ, ದಿವಾಳಿ ಕೇಸು ಬೇರೆ, ಒಂದನ್ನೊಂದು ಬೆರೆಸುವುದು ಬೇಡ’ ಎಂದು ಮಗ ಹೇಳುತ್ತಾನೆ. ನನ್ನ ನಿವೃತ್ತಿ ಹಣದಿಂದ ಅವನಿಗೆ ಕೊಟ್ಟಿದ್ದ 18 ಲಕ್ಷ ರೂಪಾಯಿಯನ್ನು ಈ ಪರಿಹಾರ ಬಂದ ಕೂಡಲೇ ಮೊದಲು ನನಗೇ ಕಳುಹಿಸುತ್ತೇನೆಂದೂ ಹೇಳಿದ್ದಾನೆ. ಕೆಂಗೇರಿಯ ಕಡೆ ನಮ್ಮಿಬ್ಬರ ಹೆಸರಿನಲ್ಲಿ ಒಂದು 30–40 ಸೈಟಿದೆ. ಅದರ ಹಣ ಪೂರ್ತಿ ನನ್ನದೇ. ಅವನು ಮಾಡುತ್ತಿರುವುದು ಸರಿಯೇ? ವಕೀಲರು ಮೂರನೇ ಒಂದು ಪಾಲು ಕೇಳುತ್ತಿರುವುದು ನ್ಯಾಯವೇ?
— ಹೆಸರು ಬೇಡವೆಂದ ಓದುಗರು, ಜಯನಗರ, ಬೆಂಗಳೂರು

ಉತ್ತರ: ತಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ಮಗ ವಿಮಾ ಕಂಪನಿಯ ರಾಜಿ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲವಾದರೆ ಇವತ್ತೇ ಫೋನ್ ಮಾಡಿ, ಸಹಿ ಹಾಕಬೇಡವೆಂದು ತಿಳಿಸಿ. ಅಪಘಾತದ ವಕೀಲರಿಗೆ ದಿವಾಳಿ ಅರ್ಜಿಯ ವಿಷಯವನ್ನೂ, ದಿವಾಳಿ ವಕೀಲರಿಗೆ ಅಪಘಾತದ ವಿಷಯವನ್ನೂ ಬರವಣಿಗೆಯಲ್ಲಿ ತಿಳಿಸುವುದು ಅವರು ಮಾಡಬೇಕಾದ ಮೊದಲ ಕೆಲಸ. ಎರಡು ಕೇಸುಗಳು ಬೇರೆ ಬೇರೆ ನ್ಯಾಯಾಲಯಗಳಲ್ಲಿ ನಡೆಯಬಹುದು, ಆದರೆ ಹಣದ ಮಟ್ಟಿಗೆ ಅವು ಬೇರೆಯಲ್ಲ.

ಅಮೆರಿಕದಲ್ಲಿ ದಿವಾಳಿ ಎಂಬುದು ರಾಜ್ಯಗಳ ವಿಷಯವಲ್ಲ, ಇಡೀ ದೇಶಕ್ಕೆ ಒಂದೇ ಆದ ಒಕ್ಕೂಟದ ಕಾನೂನು. ಈಗಿರುವುದು 1978ರ ದಿವಾಳಿ ಸಂಹಿತೆ. ಅದರ 541ನೇ ಸೆಕ್ಷನ್ನಿನ ಪ್ರಕಾರ ಅರ್ಜಿ ಸಲ್ಲಿಸಿದ ಕ್ಷಣದಲ್ಲಿ ಅರ್ಜಿದಾರನಿಗಿರುವ ಎಲ್ಲ ಆಸ್ತಿ, ಎಲ್ಲ ಹಕ್ಕು ‘ಎಸ್ಟೇಟ್’ ಎಂಬ ಒಂದೇ ಗಂಟಿಗೆ ಸೇರುತ್ತವೆ. ಹಕ್ಕು ಎಂದರೆ ಕೈಗೆ ಬಂದ ಹಣ ಮಾತ್ರವಲ್ಲ. ಇನ್ನೊಬ್ಬರ ತಪ್ಪಿನಿಂದ ಗಾಯಗೊಂಡವನು ಅವರಿಂದ ಪರಿಹಾರ ಕೇಳುವ ಹಕ್ಕು ಕೂಡ, ದಾವೆ ಹೂಡಿರಲಿ ಬಿಡಲಿ, ನೋಟಿಸ್ ಕೊಟ್ಟಿರಲಿ ಬಿಡಲಿ, ಅಪಘಾತ ನಡೆದ ದಿನವೇ ಹುಟ್ಟುತ್ತದೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಅಪಘಾತದ ದಿನವನ್ನೇ ಹೊರತು ರಾಜಿಯ ದಿನವನ್ನಾಗಲಿ, ಚೆಕ್ ಕೈಸೇರಿದ ದಿನವನ್ನಾಗಲಿ ಅಲ್ಲ. ಮಗನಿಗೆ ಪೆಟ್ಟಾದದ್ದು ಅರ್ಜಿಗಿಂತ ಮೊದಲು. ಹಾಗಾಗಿ ಆ ಹಕ್ಕು ಎಸ್ಟೇಟಿಗೆ ಸೇರಿದ್ದೆಂಬುದರಲ್ಲಿ ಅನುಮಾನವಿಲ್ಲ. ಆಸ್ತಿಯನ್ನು ಇಟ್ಟುಕೊಂಡು, ನ್ಯಾಯಾಲಯ ಒಪ್ಪಿದ ಯೋಜನೆಯಂತೆ ತಿಂಗಳ ಕಂತುಗಳಲ್ಲಿ ಸಾಲ ತೀರಿಸುವ ಚಾಪ್ಟರ್ 13ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ: ಅರ್ಜಿ ಹಾಕಿದ ನಂತರ, ಪ್ರಕರಣ ಮುಗಿಯುವವರೆಗೆ ಗಳಿಸಿದ ಆಸ್ತಿಯನ್ನೂ 1306ನೇ ಸೆಕ್ಷನ್ ಎಸ್ಟೇಟಿಗೆ ಸೇರಿಸುತ್ತದೆ. ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚುವ ಚಾಪ್ಟರ್ 7ರಲ್ಲಾದರೆ, ಅರ್ಜಿಯ ನಂತರ ನಡೆದ ಅಪಘಾತದ ಪರಿಹಾರ ಸಾಮಾನ್ಯವಾಗಿ ಅರ್ಜಿದಾರನದೇ ಆಗಿ ಉಳಿಯುತ್ತದೆ.

ಅರ್ಜಿಯ ಜೊತೆ ಸಲ್ಲಿಸುವ ಆಸ್ತಿಪಟ್ಟಿಗೆ ಅಲ್ಲಿ ‘ಶೆಡ್ಯೂಲ್ ಎ/ಬಿ’ ಎನ್ನುತ್ತಾರೆ. ಮನೆ, ಕಾರು, ಬ್ಯಾಂಕ್ ಖಾತೆ, ಒಡವೆ ಎಲ್ಲ ಕೇಳಿದ ಮೇಲೆ, ದಾವೆ ಹೂಡಿದ್ದರೂ ಹೂಡದಿದ್ದರೂ ಬೇರೆಯವರ ಮೇಲೆ ನಿಮಗಿರುವ ಕ್ಲೇಮುಗಳನ್ನು ಬರೆಯಿರಿ ಎಂದು ಅದರಲ್ಲಿ ಬೇರೆಯೇ ಒಂದು ಸಾಲಿದೆ; ಉದಾಹರಣೆಯಾಗಿ ಅಪಘಾತವನ್ನೇ ಹೆಸರಿಸಲಾಗಿದೆ. ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿಯಾಗುತ್ತೇನೆಂದು ಒಪ್ಪಿ ಈ ಪಟ್ಟಿಗೆ ಸಹಿ ಹಾಕಿರುತ್ತಾರೆ. ತಮ್ಮ ಮಗ ಆ ಸಾಲಿನಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಕೂಡಲೇ ನೋಡಬೇಕು. ಬರೆದಿಲ್ಲವಾದರೆ ಗಾಬರಿಯಾಗಬೇಕಿಲ್ಲ, ಪ್ರಕರಣ ಮುಕ್ತಾಯವಾಗುವ ಮೊದಲು ಯಾವಾಗ ಬೇಕಾದರೂ ಪಟ್ಟಿಯನ್ನು ತಿದ್ದಿ ಸಲ್ಲಿಸಲು ದಿವಾಳಿ ನಿಯಮ 1009 ಅವಕಾಶ ಕೊಡುತ್ತದೆ. ಆದರೆ ತಾನಾಗಿಯೇ ತಿದ್ದಿದವನನ್ನೂ ಸಿಕ್ಕಿಬಿದ್ದ ಮೇಲೆ ತಿದ್ದಿದವನನ್ನೂ ನ್ಯಾಯಾಧೀಶರು ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಮುಚ್ಚಿಟ್ಟರೆ ಆಗುವ ನಷ್ಟ ಎರಡು ಕಡೆಯಿಂದ ಬರುತ್ತದೆ. ಒಂದು ಕಡೆ ದಿವಾಳಿ ನ್ಯಾಯಾಲಯ ಪ್ರಕರಣವನ್ನೇ ವಜಾ ಮಾಡಬಹುದು ಅಥವಾ ಚಾಪ್ಟರ್ 7ಕ್ಕೆ ವರ್ಗಾಯಿಸಬಹುದು. ಬೇಕೆಂದೇ ಆಸ್ತಿ ಮರೆಮಾಚಿದ್ದು ಸಾಬೀತಾದರೆ ಅದು 5 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಇನ್ನೊಂದು ಕಡೆ ಅಪಘಾತದ ಕೇಸೇ ಕೈತಪ್ಪಬಹುದು. ‘ದಿವಾಳಿ ನ್ಯಾಯಾಲಯದಲ್ಲಿ ನನಗೆ ಯಾರ ಮೇಲೂ ಕ್ಲೇಮಿಲ್ಲ ಎಂದು ಪ್ರಮಾಣ ಮಾಡಿದವನು ಇಲ್ಲಿ ಬಂದು ಲಕ್ಷಾಂತರ ಡಾಲರ್ ಕೇಳುತ್ತಿದ್ದಾನೆ’ ಎಂದು ಲಾರಿ ಕಂಪನಿಯ ವಕೀಲರು ವಾದಿಸಿದರೆ, ಒಂದು ನ್ಯಾಯಾಲಯದಲ್ಲಿ ಆಡಿದ ಮಾತಿಗೆ ಇನ್ನೊಂದರಲ್ಲಿ ತದ್ವಿರುದ್ಧವಾಗಿ ನಿಲ್ಲಲು ಬಿಡಬಾರದೆಂಬ ತತ್ವದ ಮೇಲೆ ಗಾಯಾಳುವಿನ ದಾವೆ ತಿರಸ್ಕಾರವಾಗುವುದುಂಟು. ದಿವಾಳಿ ದಾಖಲೆಗಳು ಸಾರ್ವಜನಿಕವಾದವು. ವಿಮಾ ಕಂಪನಿಯವರು ಅವನ್ನು ಹುಡುಕಿ ನೋಡುತ್ತಾರೆ. ನಿಜವಾಗಿ ಬೆನ್ನು ಮುರಿದುಕೊಂಡವನಿಗೆ ಒಂದು ಸಾಲು ಬರೆಯದ ಕಾರಣಕ್ಕೆ ಬಿಡಿಗಾಸೂ ಸಿಗದೆ ಹೋಗುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ, ಮತ್ತು ಇಷ್ಟು ಸುಲಭವಾಗಿ ತಪ್ಪಿಸಬಹುದಾದದ್ದೂ ಇನ್ನೊಂದಿಲ್ಲ.

ಈಗ ಶುಲ್ಕದ ಮಾತು. ನಮ್ಮಲ್ಲಿ ವಕೀಲರು ಪರಿಹಾರದಲ್ಲಿ ಪಾಲು ಕೇಳುವುದು ನಿಷಿದ್ಧ. ಅಮೆರಿಕದಲ್ಲಿ ಗಾಯದ ಕೇಸುಗಳು ನಡೆಯುವುದೇ ಪಾಲಿನ ಲೆಕ್ಕದಲ್ಲಿ. ಗೆದ್ದರೆ ಮೂರನೇ ಒಂದು ಪಾಲು, ಸೋತರೆ ಶುಲ್ಕವಿಲ್ಲ. ನ್ಯೂಜೆರ್ಸಿಯಲ್ಲಿ ನ್ಯಾಯಾಲಯದ ನಿಯಮವೇ ಇದಕ್ಕೆ ಮಿತಿ ಹಾಕಿದೆ: ಖರ್ಚು ಕಳೆದು ಬಂದ ಮೊತ್ತದ ಮೊದಲ 7,50,000 ಡಾಲರಿಗೆ ಮೂರನೇ ಒಂದಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಹಾಗಾಗಿ ಕೇಳಿರುವ ಪ್ರಮಾಣದಲ್ಲಿ ತಪ್ಪಿಲ್ಲ. ತಪ್ಪಾಗಬಹುದಾದದ್ದು ಪಡೆಯುವ ರೀತಿಯಲ್ಲಿ. ದಿವಾಳಿ ಅರ್ಜಿ ದಾಖಲಾದ ಮೇಲೆ, ಗಾಯಾಳು ಮೊದಲು ಮಾಡಿಕೊಂಡ ಒಪ್ಪಂದವೊಂದನ್ನೇ ನಂಬಿ ವಕೀಲರು ಚೆಕ್ಕಿನಿಂದ ತಮ್ಮ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ಕಕ್ಷಿದಾರನಿಗೆ ಕೊಡುವಂತಿಲ್ಲ. ಎಸ್ಟೇಟಿನ ಪರವಾಗಿ ಕೆಲಸ ಮಾಡುವ ವಕೀಲರನ್ನು ಆ ಒಂದು ಕೆಲಸಕ್ಕೆಂದು ‘ವಿಶೇಷ ವಕೀಲ’ರನ್ನಾಗಿ ನೇಮಿಸಲು ಸಂಹಿತೆಯ 327ನೇ ಸೆಕ್ಷನ್ನಿನಲ್ಲಿ ದಾರಿಯಿದೆ, ಪಾಲಿನ ಲೆಕ್ಕದ ಶುಲ್ಕವನ್ನು 328ನೇ ಸೆಕ್ಷನ್ ಒಪ್ಪುತ್ತದೆ. ನೇಮಕದ ಅರ್ಜಿಯಲ್ಲಿ ವಕೀಲರು ಶುಲ್ಕದ ಕರಾರನ್ನೂ, ಸಾಲ ಕೊಟ್ಟವರೊಂದಿಗೆ ತಮಗಿರುವ ಸಂಬಂಧಗಳನ್ನೂ ತೆರೆದಿಡಬೇಕು. ಚಾಪ್ಟರ್ 7ರಲ್ಲಿ ಈ ಅರ್ಜಿಯನ್ನು ಟ್ರಸ್ಟಿ, ಎಂದರೆ ಎಸ್ಟೇಟನ್ನು ನೋಡಿಕೊಳ್ಳಲು ನೇಮಕವಾದವರು, ಹಾಕುತ್ತಾರೆ, ಏಕೆಂದರೆ ಅಲ್ಲಿ ದಾವೆಯ ಯಜಮಾನರೇ ಅವರು. ಚಾಪ್ಟರ್ 13ರಲ್ಲಿ ಆಸ್ತಿ ಅರ್ಜಿದಾರನ ಸ್ವಾಧೀನದಲ್ಲೇ ಇರುವುದರಿಂದ ದಾವೆಯನ್ನು ಸಾಮಾನ್ಯವಾಗಿ ಅವನೇ ಮುಂದುವರಿಸುತ್ತಾನೆ. ಆದರೂ ಅನೇಕ ನ್ಯಾಯಾಲಯಗಳು ವಕೀಲರ ನೇಮಕಕ್ಕೂ ರಾಜಿಗೂ ಶುಲ್ಕಕ್ಕೂ ಅನುಮತಿ ಪಡೆಯಲೇಬೇಕೆನ್ನುತ್ತವೆ. ಅನುಮತಿಯಿಲ್ಲದೆ ಪಡೆದ ಶುಲ್ಕವನ್ನು ವಾಪಸು ಕಟ್ಟಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದ್ದರಿಂದ ಈ ವಿಷಯವನ್ನು ಕಿವಿಗೆ ಹಾಕಿದರೆ ಅಪಘಾತದ ವಕೀಲರು ಬೇಸರಪಡುವುದಿಲ್ಲ. ತಮ್ಮ ದುಡಿಮೆಯ ಹಣ ಉಳಿಯಿತೆಂದು ಕೃತಜ್ಞರಾಗುತ್ತಾರೆ.

ರಾಜಿಗೆ ಒಪ್ಪಿಗೆ ಪಡೆಯುವುದು ದಿವಾಳಿ ನಿಯಮ 9019ರ ಅಡಿಯಲ್ಲಿ. ಸಾಲ ಕೊಟ್ಟವರಿಗೆಲ್ಲ ಕನಿಷ್ಠ 21 ದಿನಗಳ ನೋಟಿಸ್ ಹೋಗಬೇಕು. ವಿಮಾ ಕಂಪನಿ ಅವಸರಪಡಿಸಿದರೆ ‘ನ್ಯಾಯಾಲಯದ ಒಪ್ಪಿಗೆಗೆ ಒಳಪಟ್ಟು’ ಎಂದು ಬರೆದು ರಾಜಿ ಮಾಡಿಕೊಳ್ಳುವ ಪದ್ಧತಿ ಇದೆ. ಅದರಿಂದ ಅವಕಾಶ ಕೈತಪ್ಪುವುದಿಲ್ಲ. ದಿವಾಳಿ ವಕೀಲರ ಶುಲ್ಕದ ಲೆಕ್ಕ ಇದಕ್ಕೆ ಬೇರೆಯೇ: 329ನೇ ಸೆಕ್ಷನ್ ಪ್ರಕಾರ ಅವರು ಎಷ್ಟು ಪಡೆದಿದ್ದೇನೆ, ಇನ್ನೆಷ್ಟು ಬರಬೇಕು ಎಂದು ನ್ಯಾಯಾಲಯಕ್ಕೆ ಬರೆದುಕೊಡಬೇಕು, ಮತ್ತು ಚಾಪ್ಟರ್ 13ರಲ್ಲಿ ಬಾಕಿ ಶುಲ್ಕವನ್ನು ಸಾಮಾನ್ಯವಾಗಿ ತಿಂಗಳ ಕಂತಿನ ಮೂಲಕವೇ ತೀರಿಸಲಾಗುತ್ತದೆ.

‘ಹಾಗಾದರೆ ಮಗನಿಗೆ ಏನುಳಿಯುತ್ತದೆ?’ ಎಂದು ತಾವು ಕೇಳುವಿರೆಂದು ಗೊತ್ತು. ಅಂಕಿಗಳನ್ನಿಟ್ಟೇ ನೋಡೋಣ. ರಾಜಿ ಮೊತ್ತ 1,20,000 ಡಾಲರ್. ವೈದ್ಯಕೀಯ ದಾಖಲೆ, ತಜ್ಞರ ವರದಿ ಮುಂತಾದ ದಾವೆ ಖರ್ಚು 6,000 ಎಂದುಕೊಳ್ಳೋಣ, ಉಳಿದದ್ದು 1,14,000. ಇದರ ಮೂರನೇ ಒಂದು ಪಾಲು, ಎಂದರೆ 38,000, ವಕೀಲರಿಗೆ; ಉಳಿದದ್ದು 76,000. ಚಿಕಿತ್ಸೆಗೆ ಹಣ ಕೊಟ್ಟ ಆರೋಗ್ಯ ವಿಮೆಯವರೋ ಆಸ್ಪತ್ರೆಯವರೋ ಈ ಪರಿಹಾರದ ಮೇಲೆ ಹಕ್ಕು ಕಾದಿರಿಸಿದ್ದರೆ ಅದನ್ನು ತೀರಿಸಬೇಕು; 12,000 ಎಂದಿಟ್ಟುಕೊಂಡರೆ ಮಿಕ್ಕುವುದು 64,000. ಇಲ್ಲಿಂದ ವಿನಾಯಿತಿ, ಎಂದರೆ ಸಾಲ ಕೊಟ್ಟವರಿಗೆ ಹೋಗದೆ ಅರ್ಜಿದಾರನಿಗೇ ಉಳಿಯುವ ಭಾಗ, ಶುರು. ಕೆಲವು ರಾಜ್ಯಗಳು ತಮ್ಮದೇ ವಿನಾಯಿತಿ ಪಟ್ಟಿಯನ್ನು ಮಾತ್ರ ಒಪ್ಪುತ್ತವೆ. ನ್ಯೂಜೆರ್ಸಿಯಲ್ಲಿ ಒಕ್ಕೂಟದ ಪಟ್ಟಿಯನ್ನು ಆಯ್ದುಕೊಳ್ಳಬಹುದು. ಆ ಪಟ್ಟಿಯಲ್ಲಿ, 2025ರ ಏಪ್ರಿಲ್ 1ರಿಂದ ಈಚೆಗೆ ಸಲ್ಲಿಸಿದ ಅರ್ಜಿಗಳಿಗೆ, ದೇಹದ ಗಾಯದ ಪರಿಹಾರಕ್ಕೆ 31,575 ಡಾಲರ್ ವಿನಾಯಿತಿಯಿದೆ. ಯಾವ ಆಸ್ತಿಗಾದರೂ ಹಚ್ಚಬಹುದಾದ ಇನ್ನೊಂದು ವಿನಾಯಿತಿ 1,675 ಡಾಲರ್. ಸ್ವಂತ ಮನೆಯ ವಿನಾಯಿತಿಯನ್ನು ಬಳಸದವರಿಗೆ ಅದಕ್ಕೆ 15,800ರವರೆಗೆ ಸೇರಿ 17,475 ಆಗುತ್ತದೆ. ಮಗ ಬಾಡಿಗೆ ಮನೆಯಲ್ಲಿರುವುದರಿಂದ, ಬೇರೆಲ್ಲೂ ಬಳಸಿರದಿದ್ದರೆ, ಅದು ಪೂರ್ತಿ ಸಿಗಬಹುದು. ಎರಡನ್ನೂ ಕಳೆದರೆ ಉಳಿಯುವುದು 14,950. ಇದು ಟ್ರಸ್ಟಿಯ ಮೂಲಕ ಸಾಲ ಕೊಟ್ಟವರಿಗೆ ಹಂಚಿಕೆಯಾಗುವ ಭಾಗ. ಅಂದರೆ, ಎಲ್ಲವನ್ನೂ ಬಿಚ್ಚಿ ಹೇಳಿದ ಮೇಲೂ ನಲವತ್ತೊಂಬತ್ತು ಸಾವಿರ ಡಾಲರಿನಷ್ಟು ಅವರ ಕೈಯಲ್ಲಿ ನ್ಯಾಯವಾಗಿ ಉಳಿಯುವ ಸಾಧ್ಯತೆಯಿದೆ. ಮುಚ್ಚಿಟ್ಟು ಅಪಾಯಕ್ಕೆ ಸಿಲುಕುವ ಅಗತ್ಯ ಎಲ್ಲಿದೆ ಹೇಳಿ?

ಈ ಲೆಕ್ಕಕ್ಕೆ ಒಂದು ಎಚ್ಚರಿಕೆಯ ಮಾತು ಸೇರಿಸಬೇಕು. 31,575ರ ವಿನಾಯಿತಿಯು ನೋವು-ಸಂಕಟಕ್ಕಾಗಿ ಕೊಟ್ಟ ಹಣಕ್ಕೂ, ಈಗಾಗಲೇ ಆದ ಹಣದ ನಷ್ಟಕ್ಕೂ ಅನ್ವಯಿಸುವುದಿಲ್ಲವೆಂದು ಕಾನೂನಿನ ಪಠ್ಯದಲ್ಲೇ ಇದೆ, ಅದರ ಅರ್ಥದ ಬಗ್ಗೆ ನ್ಯಾಯಾಲಯಗಳಲ್ಲಿ ಒಮ್ಮತವಿಲ್ಲ. ಮುಂದಿನ ದುಡಿಮೆಯ ನಷ್ಟಕ್ಕೆ ಬಂದ ಹಣಕ್ಕಾದರೆ, ಸಂಸಾರದ ಪೋಷಣೆಗೆ ಬೇಕಾದಷ್ಟಕ್ಕೆ, ಪ್ರತ್ಯೇಕ ವಿನಾಯಿತಿಯಿದೆ. ಆದ್ದರಿಂದ ರಾಜಿ ಪತ್ರದಲ್ಲಿ ‘ಎಲ್ಲ ಸೇರಿ ಇಷ್ಟು’ ಎಂದು ಒಂದೇ ಅಂಕಿ ಬರೆಯದೆ, ಯಾವ ನಷ್ಟಕ್ಕೆ ಎಷ್ಟು ಎಂದು ವೈದ್ಯಕೀಯ ದಾಖಲೆಗೂ ಸಂಬಳದ ದಾಖಲೆಗೂ ಹೊಂದುವಂತೆ ಪ್ರಾಮಾಣಿಕವಾಗಿ ವಿಂಗಡಿಸಿ ಬರೆಸುವುದು ಒಳ್ಳೆಯದು. ಜೊತೆಗೆ, ಯಾವ ರಾಜ್ಯದ ವಿನಾಯಿತಿ ಅನ್ವಯಿಸುತ್ತದೆ ಎಂಬುದು ಅರ್ಜಿಗೆ ಹಿಂದಿನ 730 ದಿನಗಳ ವಾಸದ ಮೇಲೆ ನಿಂತಿರುವುದರಿಂದ, ಎರಡು ವರ್ಷದೊಳಗೆ ರಾಜ್ಯ ಬದಲಿಸಿದವರು ಈ ಲೆಕ್ಕವನ್ನು ಹಾಗೆಯೇ ನಂಬಬಾರದು.

ಇನ್ನು ತಮ್ಮ 18 ಲಕ್ಷ. ತಂದೆಯ ಋಣವನ್ನು ಮೊದಲು ತೀರಿಸಬೇಕೆಂಬ ಮಗನ ಮನಸ್ಸು ದೊಡ್ಡದು. ಆದರೆ ಆ ಮನಸ್ಸಿನಂತೆ ನಡೆದರೆ ಅವರಿಗೂ ತಮಗೂ ತೊಂದರೆ. ದಿವಾಳಿ ಕಾನೂನಿನ ಕಣ್ಣಿನಲ್ಲಿ ತಾವೂ ಸಾಲ ಕೊಟ್ಟವರಲ್ಲಿ ಒಬ್ಬರು, ಕ್ರೆಡಿಟ್ ಕಾರ್ಡ್ ಕಂಪನಿಯ ಸಾಲಿನಲ್ಲೇ ನಿಲ್ಲುವವರು. ರಕ್ತಸಂಬಂಧಿಯಾದ್ದರಿಂದ ತಮ್ಮ ಮೇಲೆ ಇನ್ನೂ ಹೆಚ್ಚು ನಿಗಾ: ಬೇರೆಯವರಿಗೆ ಅರ್ಜಿಗೆ ಮೊದಲಿನ 90 ದಿನಗಳಲ್ಲಿ ಕೊಟ್ಟದ್ದನ್ನು ಟ್ರಸ್ಟಿ ಪ್ರಶ್ನಿಸಬಹುದಾದರೆ, ಸಂಬಂಧಿಕರಿಗೆ ಒಂದು ವರ್ಷದೊಳಗೆ ತೀರಿಸಿದ್ದನ್ನೂ ವಾಪಸು ಕೇಳಬಹುದು. ಅರ್ಜಿಯ ನಂತರ ಎಸ್ಟೇಟಿನ ಹಣವನ್ನು ಅನುಮತಿಯಿಲ್ಲದೆ ಬೆಂಗಳೂರಿಗೆ ಕಳುಹಿಸುವುದಂತೂ ಕೂಡದು. ತಮ್ಮ ಹೆಸರನ್ನು ಸಾಲ ಕೊಟ್ಟವರ ಪಟ್ಟಿಯಲ್ಲಿ ಸೇರಿಸಲು ಹೇಳಿ, ಹಣ ವರ್ಗಾಯಿಸಿದ ಬ್ಯಾಂಕ್ ದಾಖಲೆಯೊಂದಿಗೆ ತಾವೇ ಕ್ಲೇಮ್ ಸಲ್ಲಿಸಿ. ಅದಕ್ಕೆ ಸಾಮಾನ್ಯವಾಗಿ ಅರ್ಜಿಯ ದಿನದಿಂದ 70 ದಿನಗಳ ಗಡುವು. ಸಿಗುವುದು ಅಲ್ಪ ಭಾಗವೇ ಇರಬಹುದು. ಆದರೆ ಋಣಮುಕ್ತಿಯ ಆದೇಶ ಬಂದ ಮೇಲೆ ತನ್ನ ಸ್ವಂತ ದುಡಿಮೆಯಿಂದ ಮಗ ಸ್ವಇಚ್ಛೆಯಿಂದ ತಂದೆಗೆ ಕೊಟ್ಟರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. 524ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ಕೆಂಗೇರಿಯ ಸೈಟಿನ ವಿಷಯವನ್ನು ತಾವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಅದೇ. ಆಸ್ತಿ ಎಲ್ಲೇ ಇರಲಿ, ಯಾರ ವಶದಲ್ಲೇ ಇರಲಿ, ಎಸ್ಟೇಟಿಗೆ ಸೇರುತ್ತದೆ ಎನ್ನುತ್ತದೆ ಆ ಕಾನೂನು. ಕ್ರಯಪತ್ರದಲ್ಲಿ ಮಗನ ಹೆಸರಿರುವಾಗ ಅದನ್ನು ಪಟ್ಟಿಯಲ್ಲಿ ತೋರಿಸಲೇಬೇಕು. ಹಣ ಪೂರ್ತಿ ತಮ್ಮದೇ ಎಂಬುದನ್ನು ಪಟ್ಟಿಯ ಜೊತೆಗೇ ವಿವರಿಸಿ, ತಮ್ಮ ಖಾತೆಯಿಂದ ಹಣ ಹೋದ ದಾಖಲೆಯನ್ನೂ ಕ್ರಯಪತ್ರದ ಪ್ರತಿಯನ್ನೂ ಒದಗಿಸಬೇಕು. ಚಾಪ್ಟರ್ 7ರಲ್ಲಿ ಆಸ್ತಿ ಮಾರಿದ್ದರೆ ಎಷ್ಟು ಸಿಗುತ್ತಿತ್ತೋ ಅದಕ್ಕಿಂತ ಕಡಿಮೆಯನ್ನು ಚಾಪ್ಟರ್ 13ರ ಯೋಜನೆಯಲ್ಲಿ ಕೊಡುವಂತಿಲ್ಲವಾದ್ದರಿಂದ, ಸೈಟಿನಲ್ಲಿ ಮಗನದೆಂದು ತೀರ್ಮಾನವಾಗುವ ಪಾಲಿನ ಬೆಲೆ ಅವರ ಕಂತಿನ ಮೇಲೆ ಪರಿಣಾಮ ಬೀರುತ್ತದೆ, ಮೇಲೆ ಹೇಳಿದ 17,475ರ ವಿನಾಯಿತಿಯನ್ನು ಯಾವುದಕ್ಕೆ ಬಳಸುವುದು ಲಾಭವೆಂಬುದನ್ನೂ ಆಗ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಈಗ ಹೆದರಿ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಮಗನಿಂದ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳುವ ಆಲೋಚನೆಯಿದ್ದರೆ ದಯವಿಟ್ಟು ಬಿಡಿ. ಅರ್ಜಿ ಬಾಕಿಯಿರುವಾಗ ಮಾಡಿದ ಅಂಥ ಪತ್ರ ಪ್ರಾಮಾಣಿಕ ಆಸ್ತಿಯನ್ನೂ ಅನುಮಾನದ ಆಸ್ತಿಯನ್ನಾಗಿ ಮಾಡುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ಬಾಡಿಗೆ ಕಾರು ಓಡಿಸುತ್ತಿದ್ದರು. ಗೊರಗುಂಟೆಪಾಳ್ಯದ ಹತ್ತಿರ ರಾತ್ರಿ ಟೆಂಪೊ ಗುದ್ದಿ ಕಾಲಿಗೆ ರಾಡು ಹಾಕಿದ್ದಾರೆ. ಅಪಘಾತ ಪರಿಹಾರದ ಎಂವಿಸಿ ಕೇಸು ನಡೆಯುತ್ತಿದೆ. ಕಾರಿನ ಸಾಲದ ಕಂತು ನಿಂತಿದೆ, ಪರ್ಸನಲ್ ಲೋನು, ಕೈಸಾಲ, ಚೀಟಿ ಬಾಕಿ ಬೇರೆ. ಪರಿಹಾರ ಬಂದರೆ ಫೈನಾನ್ಸಿನವರು ಎತ್ತಿಕೊಂಡು ಹೋಗುತ್ತಾರೆಂದು ಎಲ್ಲರೂ ಹೆದರಿಸುತ್ತಾರೆ. ಕೋರ್ಟಿನಲ್ಲಿ ಪಾಪರ್ ಚೀಟಿ ತೆಗೆದುಕೊಂಡರೆ ಸಾಲವೆಲ್ಲ ಹೋಗುತ್ತದೆಯೇ? ವಕೀಲರು ನೂರಕ್ಕೆ ಇಪ್ಪತ್ತೈದು ಕೇಳಿ, ಸಹಿ ಮಾಡಿದ ಖಾಲಿ ಚೆಕ್ಕನ್ನೂ ಇಸಿದುಕೊಂಡಿದ್ದಾರೆ. ನಾವೇನು ಮಾಡಬೇಕು ಸಾರ್?
— ಓದುಗರು, ಲಗ್ಗೆರೆ, ಬೆಂಗಳೂರು

ಉತ್ತರ: ಅಮ್ಮಾ, ತಮ್ಮ ಪ್ರಶ್ನೆಗಳಲ್ಲಿ ಕೊನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ತುರ್ತಿನದು. ಪರಿಹಾರದಲ್ಲಿ ಶೇಕಡಾವಾರು ಪಾಲನ್ನು ಶುಲ್ಕವಾಗಿ ಗೊತ್ತುಮಾಡಿಕೊಳ್ಳುವುದು ನಮ್ಮ ದೇಶದಲ್ಲಿ ವಕೀಲರಿಗೆ ನಿಷಿದ್ಧ. ದಾವೆಯ ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ಕರಾರು ಮಾಡಿಕೊಳ್ಳಬಾರದು, ಬಂದ ಹಣದಲ್ಲಿ ಪಾಲು ಪಡೆಯಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲೇ ಇದೆ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ತೆಲಂಗಾಣದ ಪ್ರಕರಣ ತಮ್ಮದಕ್ಕೆ ಬಹಳ ಹತ್ತಿರದ್ದು: ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಹೆಣ್ಣುಮಗಳಿಂದ ವಕೀಲರು ಪರಿಹಾರದ ಪಾಲಿನ ಲೆಕ್ಕದಲ್ಲಿ ಚೆಕ್ ಪಡೆದು, ಅದು ಬೌನ್ಸ್ ಆದಾಗ ಆಕೆಯ ಮೇಲೆಯೇ ಚೆಕ್ ಅಮಾನ್ಯದ ದೂರು ಹೂಡಿದ್ದರು. ಅಂಥ ಶುಲ್ಕವೇ ವೃತ್ತಿಧರ್ಮಕ್ಕೆ ವಿರುದ್ಧವೆಂದು ಹೇಳಿ ನ್ಯಾಯಾಲಯ ಆ ದೂರನ್ನು ರದ್ದುಮಾಡಿತು. ನಾನೂ ಇದೇ ವೃತ್ತಿಯವನಾಗಿ ಹೇಳುತ್ತಿದ್ದೇನೆ: ದುಡಿಮೆಗೆ ತಕ್ಕ ಶುಲ್ಕ ಕೇಳುವುದು ವಕೀಲರ ಹಕ್ಕು, ಮುರಿದ ಕಾಲಿನ ಬೆಲೆಯಲ್ಲಿ ಪಾಲು ಕೇಳುವುದು ಹಕ್ಕಲ್ಲ.

ಖಾಲಿ ಚೆಕ್ಕನ್ನು ಹಿಂದಿರುಗಿಸುವಂತೆ ವಿನಯದಿಂದಲೇ, ಆದರೆ ಪತ್ರ ಬರೆದು, ಕೇಳಿ. ಪತ್ರದ ಪ್ರತಿ ಇಟ್ಟುಕೊಳ್ಳಿ. ಅರ್ಜಿ, ಸಾಕ್ಷ್ಯ, ವಾದ ಹೀಗೆ ಹಂತಕ್ಕಿಷ್ಟು ಎಂದು ನಿಗದಿಯಾದ ಶುಲ್ಕಕ್ಕೆ ಒಪ್ಪಿಸಿ, ಕೊಟ್ಟದ್ದಕ್ಕೆಲ್ಲ ರಸೀತಿ ಪಡೆಯಿರಿ. ಒಪ್ಪದಿದ್ದರೆ ವಕೀಲರನ್ನು ಬದಲಿಸಬಹುದು, ಶುಲ್ಕ ಬಾಕಿಯಿದೆಯೆಂದು ಕೇಸಿನ ಕಡತವನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ದೂರು ಕೊಡಬೇಕಾದ ಪರಿಸ್ಥಿತಿ ಬಂದರೆ ಅದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಅಂಗವೈಕಲ್ಯವುಳ್ಳವರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ; ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು.

ಸಾಲದವರ ಭಯದ ಬಗ್ಗೆ. ಕೇಸು ಇನ್ನೂ ನಡೆಯುತ್ತಿರುವಾಗ ಪರಿಹಾರ ಕೇಳುವ ಬರಿಯ ಹಕ್ಕನ್ನು ಯಾರೂ ಜಪ್ತಿ ಮಾಡುವಂತಿಲ್ಲ; ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಅದನ್ನು ಜಪ್ತಿಯಿಂದ ಹೊರಗಿಟ್ಟಿದೆ. ಮೇಲಿನ ಜಯನಗರದ ಓದುಗರ ಮಗನ ಪರಿಸ್ಥಿತಿಗೂ ತಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸವಿದು. ತೀರ್ಪಾಗಿ ಹಣ ನಿಗದಿಯಾದ ಮೇಲೆ ಮಾತು ಬೇರೆ: ಸಿವಿಲ್ ಕೋರ್ಟಿನಲ್ಲಿ ತಮ್ಮ ಯಜಮಾನರ ವಿರುದ್ಧ ಡಿಕ್ರಿ ಪಡೆದವರು ಆ ಹಣವನ್ನು ಜಪ್ತಿ ಮಾಡಿಸಲು ಅರ್ಜಿ ಹಾಕಬಹುದು. ಆದರೆ ಡಿಕ್ರಿಯಿಲ್ಲದ ಫೈನಾನ್ಸ್ ಕಂಪನಿಯಾಗಲಿ, ಚೀಟಿಯವರಾಗಲಿ, ಕೈಸಾಲ ಕೊಟ್ಟವರಾಗಲಿ ಪರಿಹಾರದ ಕೇಸು ನಡೆಯುವ ನ್ಯಾಯಮಂಡಳಿಯ ಕಿಟಕಿಯಲ್ಲಿ ಬಂದು ನಿಂತು ‘ನನಗೆ ಕೊಡಿ’ ಎನ್ನಲಾಗದು. ಕಾರಿನ ಸಾಲಕ್ಕೆ ಕಾರು ಒತ್ತೆಯಾಗಿದೆ, ಅದರ ಮೇಲೆ ಅವರಿಗೆ ಹಕ್ಕಿದೆ. ಕಾಲಿನ ಪರಿಹಾರ ಒತ್ತೆಯಾಗಿಲ್ಲ. ಒಂದು ಜಾಗ್ರತೆ ಮಾತ್ರ ಬೇಕು: ಪರಿಹಾರ ಜಮೆಯಾಗಲು ಸಾಲ ಬಾಕಿಯಿರುವ ಬ್ಯಾಂಕಿನ ಖಾತೆಯನ್ನು ಕೊಟ್ಟರೆ ಆ ಬ್ಯಾಂಕು ತನ್ನ ಬಾಕಿಗೆ ವಜಾ ಹಾಕಿಕೊಳ್ಳಬಹುದು. ಹಾಗಾಗಿ ಸಾಲವಿಲ್ಲದ ಬ್ಯಾಂಕಿನಲ್ಲಿ ಖಾತೆ ತೆರೆದು, ಆ ಪಾಸ್‌ಬುಕ್ಕಿನ ಪ್ರತಿಯನ್ನೇ ನ್ಯಾಯಮಂಡಳಿಗೆ ಸಲ್ಲಿಸಿ.

ಬೆಂಗಳೂರಿನಲ್ಲಿ ಈ ಕೇಸುಗಳನ್ನು ನಡೆಸುವ ಲಘು ವ್ಯವಹಾರಗಳ ನ್ಯಾಯಾಲಯಗಳು ಪರಿಹಾರದ ಒಂದು ಭಾಗವನ್ನು ಕೈಗೆ ಕೊಟ್ಟು, ಇನ್ನೊಂದು ಭಾಗವನ್ನು ನಿಶ್ಚಿತ ಠೇವಣಿ ಇಡಿಸುವುದು ರೂಢಿ. ಕೇರಳ ಸಾರಿಗೆ ನಿಗಮದ ಪ್ರಸಿದ್ಧ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಿಂದ ಬಂದ ಪದ್ಧತಿ ಇದು. ಹಣ ಕೈಗೆ ಬರಲಿಲ್ಲವೆಂದು ಅನೇಕರು ಬೇಸರಪಡುತ್ತಾರೆ. ಸಾಲದ ಒತ್ತಡವಿರುವ ಮನೆಗೆ ಈ ಠೇವಣಿಯೇ ದೊಡ್ಡ ರಕ್ಷಣೆಯೆಂಬುದು ನನ್ನ ಅಭಿಪ್ರಾಯ. ನ್ಯಾಯಮಂಡಳಿಯ ಅನುಮತಿಯಿಲ್ಲದೆ ಅದನ್ನು ಒಡೆಯುವುದಾಗಲಿ, ಅದರ ಮೇಲೆ ಸಾಲ ಪಡೆಯುವುದಾಗಲಿ ಆಗುವುದಿಲ್ಲ, ನಿಜವಾದ ಅಗತ್ಯ, ಉದಾಹರಣೆಗೆ ರಾಡು ತೆಗೆಸುವ ಶಸ್ತ್ರಚಿಕಿತ್ಸೆ ಬಂದಾಗ, ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಲೋಕ ಅದಾಲತ್ತಿನಲ್ಲಿ ವಿಮಾ ಕಂಪನಿ ರಾಜಿಗೆ ಕರೆದರೆ, ಒಪ್ಪಿದ ಮೇಲೆ ಮೇಲ್ಮನವಿಯಿಲ್ಲವೆಂಬುದನ್ನು ನೆನಪಿಟ್ಟು, ಅಂಗವೈಕಲ್ಯದ ಪ್ರಮಾಣ ಗೊತ್ತಾದ ಮೇಲೆಯೇ ಮೊತ್ತಕ್ಕೆ ತಲೆಯಾಡಿಸಿ.

ಪಾಪರ್ ಅರ್ಜಿಯ ಆಲೋಚನೆಯನ್ನು ಸದ್ಯಕ್ಕೆ ಬದಿಗಿಡಿ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆಂದು ಒಂದು ಭಾಗವಿದ್ದರೂ ಅದು 2019ರ ಡಿಸೆಂಬರ್ 1ರಿಂದ ಜಾರಿಯಾಗಿರುವುದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಉಳಿದವರಿಗೆ ಇರುವುದು ಹಳೆಯ ಕಾಲದ ದಿವಾಳಿ ಕಾನೂನು. ಅಮೆರಿಕದಂತೆ ಕೆಲವೇ ತಿಂಗಳಲ್ಲಿ ಋಣಮುಕ್ತಿ ಕೊಡುವ, ಗಾಯದ ಪರಿಹಾರಕ್ಕೆ ಇಷ್ಟು ವಿನಾಯಿತಿ ಎಂದು ಅಂಕಿ ಹಾಕಿ ಹೇಳುವ ವ್ಯವಸ್ಥೆ ನಮ್ಮಲ್ಲಿಲ್ಲ. ನಮ್ಮ ಶಾಸನಸಭೆಗಳು ಇದನ್ನು ಮುಂದೂಡುತ್ತಲೇ ಬಂದಿರುವುದು ದುಡಿಯುವ ಕುಟುಂಬಗಳಿಗೆ ಆಗುತ್ತಿರುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಪರಿಹಾರದ ಕೈಗೆ ಬಂದ ಭಾಗದಿಂದ ಬಡ್ಡಿ ಹೆಚ್ಚಿರುವ ಸಾಲವನ್ನು ಒಂದೇ ಕಂತಿನ ರಾಜಿಯಲ್ಲಿ ಮುಗಿಸಿ ‘ಬಾಕಿಯಿಲ್ಲ’ ಪತ್ರ ಪಡೆಯುವುದು ತಮಗೆ ಹೆಚ್ಚು ಉಪಯುಕ್ತ. ಅಲ್ಲಿಯವರೆಗೆ, ಬ್ಯಾಂಕು ಮತ್ತು ಫೈನಾನ್ಸಿನ ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ಸೂಚನೆ ತಮಗೆ ತಿಳಿದಿರಲಿ. ಪರವಾನಗಿಯಿಲ್ಲದ ಲೇವಾದೇವಿಯವರು ಮನೆಗೆ ಬಂದು ಬೆದರಿಸಿದರೆ, ಕಿರುಸಾಲ ವಸೂಲಿಯ ಬಲವಂತವನ್ನು ತಡೆಯಲು 2025ರಲ್ಲಿ ಬಂದ ಕರ್ನಾಟಕದ ಕಾನೂನಿನ ಅಡಿಯಲ್ಲಿ ಪೊಲೀಸ್ ಠಾಣೆಗೆ ದೂರು ಕೊಡಿ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳ ಚಾಪ್ಟರ್ 7 ದಿವಾಳಿ ಕೇಸು ಎರಡು ವರ್ಷದ ಹಿಂದೆಯೇ ಮುಗಿದು ಸಾಲ ಮನ್ನಾ ಆಗಿದೆ. ಅರ್ಜಿಗೆ ಮೊದಲೇ ಅಂಗಡಿಯೊಂದರಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದದ್ದಕ್ಕೆ ಈಗ ಪರಿಹಾರ ಬರುತ್ತಿದೆ. ಆಗ ಅದನ್ನು ಪಟ್ಟಿಯಲ್ಲಿ ಬರೆದಿರಲಿಲ್ಲವಂತೆ. ಮುಗಿದ ಕೇಸಲ್ಲವೇ, ಸುಮ್ಮನಿರಬಹುದೇ?
— ಓದುಗರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಸುಮ್ಮನಿರಬಾರದು. ಪಟ್ಟಿಯಲ್ಲಿ ಬರೆದು, ಟ್ರಸ್ಟಿ ಕೈಗೆತ್ತಿಕೊಳ್ಳದೆ ಬಿಟ್ಟ ಆಸ್ತಿ ಮಾತ್ರ ಕೇಸು ಮುಗಿದಾಗ ಅರ್ಜಿದಾರರಿಗೆ ಮರಳುತ್ತದೆ. ಬರೆಯದೇ ಉಳಿದ ಆಸ್ತಿ, ಎಷ್ಟು ವರ್ಷ ಕಳೆದರೂ, ಎಸ್ಟೇಟಿನದಾಗಿಯೇ ಇರುತ್ತದೆ. ಮುಗಿದ ಪ್ರಕರಣವನ್ನು ಮತ್ತೆ ತೆರೆಯಲು 350ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ದಿವಾಳಿ ಅರ್ಜಿ ಹಾಕಿಸಿದ ವಕೀಲರನ್ನೇ ಕಂಡು, ಪ್ರಕರಣ ತೆರೆಸಿ, ಪಟ್ಟಿ ತಿದ್ದಿಸಿ, ವಿನಾಯಿತಿಯನ್ನೂ ಅದರಲ್ಲೇ ಕೋರಲಿ. ಟ್ರಸ್ಟಿ ಆ ಗಾಯದ ವಕೀಲರನ್ನೇ ವಿಶೇಷ ವಕೀಲರಾಗಿ ಮುಂದುವರಿಸುವ ಸಾಧ್ಯತೆ ಹೆಚ್ಚು, ಏಕೆಂದರೆ ಕೇಸಿನ ಪೂರ್ತಿ ಪರಿಚಯ ಅವರಿಗಿದೆ. ಸಾಲ ಕೊಟ್ಟವರಿಗೂ ಖರ್ಚಿಗೂ ತೀರಿ ಹಣ ಮಿಕ್ಕಿದರೆ ಅದೂ ತಮ್ಮ ಅಕ್ಕನ ಮಗಳಿಗೇ ಬರುತ್ತದೆ. ಚೆಕ್ ಈಗಾಗಲೇ ವಕೀಲರ ಕೈಸೇರಿದ್ದರೆ, ನ್ಯಾಯಾಲಯದ ಆದೇಶ ಬರುವವರೆಗೆ ಅದನ್ನು ವಕೀಲರ ಟ್ರಸ್ಟ್ ಖಾತೆಯಲ್ಲೇ ಇರಿಸಲು ಹೇಳಿ, ಒಂದು ಡಾಲರನ್ನೂ ಮುಟ್ಟದಿರಲಿ.